ಹಲ್ಲು ಕೊರೆಯುವಾಗ ನೀರು ಬರ್ತಿದ್ಯಾ ನೋಡ್ಕೊಳ್ಳಿ

ಹೋದ ಶ್ರಾವಣದಲ್ಲಿ ಕೆಳಗಿನ ದವಡೆ ಹಲ್ಲಲ್ಲಿ ಹುಳುಕು ಅಂತ ನಮ್ಮೂರಿನ ಒಂದು ಕ್ಲಿನಿಕ್ಕಿಗೆ ಹೋಗಿದ್ದೆ. ನೋವೇನೂ ಇರ್ಲಿಲ್ಲ, ತಿಂದಿದ್ದು ಸಿಕ್ಕಾಕ್ಕೊಳ್ತಿತ್ತು ಅಷ್ಟೆ. ಮರಗಟ್ಟೋ ಇಂಜೆಕ್ಷನ್ ಕೊಟ್ಟು ಕೊರೆಯೋಕೆ ಶುರು ಮಾಡಿದ್ರು, ಸ್ವಲ್ಪ ಹೊತ್ತಿಗೆ ಕೂದಲು ಸುಟ್ಟಂಗೆ ವಾಸನೆ, ನಾಲಿಗೆ ಮೇಲೆ ಒಣ ಪುಡಿ, ಬಾಯಲ್ಲಿ ಒಂದು ಹನಿ ನೀರಿಲ್ಲ. ಕೇಳಿದ್ರೆ "ನೀರಿನ ಪೈಪ್ ಕಟ್ಕೊಂಡಿದೆ, ಇನ್ನೊಂದು ಚೂರು ಇದೆ, ಆಯ್ತು" ಅಂದ್ರು. ನೋವು ಗೊತ್ತಾಗ್ತಿರ್ಲಿಲ್ವಲ್ಲ, ಸುಮ್ನೆ ಕೂತೆ. ಅವತ್ತೇ ಕೈ ಎತ್ತಿ ನಿಲ್ಲಿಸ್ಬೇಕಿತ್ತು.

ಮೊದಲು ತಣ್ಣೀರಿಗೆ ಜುಮ್ ಅಂತಿತ್ತು, ಫಿಲ್ಲಿಂಗ್ ಆದ್ಮೇಲೆ ಹಂಗೇ ಅಂದ್ಕೊಂಡೆ. ಮೂರನೇ ವಾರಕ್ಕೆ ಬಿಸಿ ಕಾಫಿ ತಾಗಿದ್ರೆ ಹತ್ತು ನಿಮಿಷ ಬಿಡದಂಗೆ ಸೆಳೆತ, ರಾತ್ರಿ ಮಲಗಿದ್ರೆ ಕಿವಿವರೆಗೂ ಪಟಪಟ ಅಂತ ಬಡಿತ. ಮಾತ್ರೆ ನುಂಗ್ಕೊಂಡು ದಿನ ತಳ್ಳಿದೆ, ಅದೂ ತಪ್ಪೇ.

ಆಮೇಲೆ ಬೇರೆ ಡಾಕ್ಟರ್ ಎಕ್ಸ್‌ರೇ ತೋರಿಸಿ ಬಿಡಿಸಿ ಹೇಳಿದ್ರು. ಹಲ್ಲಿನೊಳಗೆ ಪಲ್ಪ್ ಅನ್ನೋ ಜೀವ ಇರೋ ಮೆತ್ತನೆ ಭಾಗ ಇದೆಯಲ್ಲ, ಅದರ ಅಂಚಲ್ಲಿ ಒಡಾಂಟೊಬ್ಲಾಸ್ಟ್ ಅನ್ನೋ ಕೋಶಗಳು ಸಾಲಾಗಿ ನಿಂತಿರ್ತವೆ, ಅವುಗಳ ಸಣ್ಣ ಎಳೆಗಳು ಡೆಂಟಿನ್‌ನ (ಪಲ್ಪಿನ ಸುತ್ತ, ಹೊರಗಿನ ಬಿಳಿ ಪದರದ ಒಳಗಡೆ ಇರೋ ಗಟ್ಟಿ ಭಾಗ) ಕೊಳವೆಗಳೊಳಗೆ ಚಾಚ್ಕೊಂಡಿರ್ತವೆ, ಹಾಗಾಗಿ ಡೆಂಟಿನ್ ಕೊರೆದ್ರೆ ಆ ಕೋಶಗಳನ್ನೇ ಕತ್ತರಿಸಿದಂಗೆ. ಪೆಟ್ಟು ಸಣ್ಣದಾದ್ರೆ ಅವೇ ಒಳಗಡೆ ಹೊಸ ಡೆಂಟಿನ್ ಕಟ್ಟಿ ಗೋಡೆ ದಪ್ಪ ಮಾಡ್ಕೊಳ್ತವೆ. ಜೋರಾದ್ರೆ ಅವು ಸಾಯ್ತವೆ, ಪಲ್ಪಿನ ಕಾಂಡಕೋಶಗಳು (ಬೇರೆ ಥರದ ಕೋಶ ಆಗಬಲ್ಲ ಕೋಶಗಳು) ಬಂದು ಅವುಗಳ ಜಾಗ ಹಿಡಿದು ಒರಟೊರಟಾದ ಡೆಂಟಿನ್ ಕಟ್ತವೆ, ಆದ್ರೆ ಪಲ್ಪಿಗೆ ಉಸಿರಿದ್ರೆ ಮಾತ್ರ. ಅದು ಗಟ್ಟಿ ಗೋಡೆಯೊಳಗೆ ಇರೋದ್ರಿಂದ ಊದ್ಕೊಳ್ಳೋಕೆ ಜಾಗ ಇಲ್ಲ, ಒತ್ತಡ ಏರಿ ರಕ್ತ ಓಡಾಟವೇ ನಿಲ್ಬಹುದು.

ಹಲ್ಲು ಕೊರೆಯೋ ಜೋರು ಮೆಷಿನ್, ಏರೋಟರ್ ಅಂತಾರೆ, ಅದು ನಿಮಿಷಕ್ಕೆ 3-4 ಲಕ್ಷ ಸುತ್ತು ತಿರುಗುತ್ತೆ, ನೀರಿಲ್ದಿದ್ರೆ ಎಷ್ಟು ಬಿಸಿ ಆಗ್ಬೇಡ! 1965ರಲ್ಲಿ ಜ್ಯಾಕ್ ಮತ್ತು ಕೊಹೆನ್ ಅನ್ನೋ ಸಂಶೋಧಕರು ಕೋತಿಗಳ ಹಲ್ಲಿಗೆ ಶಾಖ ಕೊಟ್ಟು ನೋಡಿದಾಗ, ಪಲ್ಪಿನೊಳಗೆ ಬರೀ 5.5 ಡಿಗ್ರಿ ಏರಿದ್ದಕ್ಕೇ ಶೇ. 15ರಷ್ಟು ಹಲ್ಲುಗಳ ಪಲ್ಪ್ ಸತ್ತಿತ್ತಂತೆ. ಮೇಲಾಗಿ ಇಂಜೆಕ್ಷನ್‌ನಲ್ಲಿರೋ ಅಡ್ರಿನಲಿನ್ ಪಲ್ಪಿನ ರಕ್ತ ಕಡಿಮೆ ಮಾಡುತ್ತೆ, ಬಿಸಿ ಹೊತ್ಕೊಂಡು ಹೋಗೋಕೂ ಯಾರೂ ಇಲ್ಲ.

ಕೊನೇಲಿ ನಿಧಾನ ತಿರುಗೋ ಬರ್‌ನಲ್ಲಿ (ಕೊರೆಯೋ ಸಣ್ಣ ಮೊನೆ) ಹುಳುಕು ಕೆರೆಯುವಾಗ ನೀರಿಲ್ದೆ ಮಾಡೋದುಂಟು, ಅದಕ್ಕೆ ಗಾಬರಿ ಬೇಡ. ಕುಯ್ಯ್ ಅಂತ ಕಿರುಚೋ ಮೆಷಿನ್‌ಗೆ ಮಾತ್ರ ನೀರು ಬೇಕೇ ಬೇಕು. ಬರ್ಲಿಲ್ವಾ, ಕೈ ಎತ್ತಿ, ಎದ್ದು ಬನ್ನಿ. ಫಿಲ್ಲಿಂಗ್ ಆದ್ಮೇಲೆ ಬಿಸಿಗೆ ನೋವು ಬಂದು ನಿಲ್ತಾ ಇಲ್ಲ ಅಂದ್ರೆ ಅವತ್ತೇ ತೋರಿಸಿ. ನಂದು ರೂಟ್ ಕೆನಾಲ್ ಆಗಿ ಕ್ಯಾಪ್ ಬಿತ್ತು. ಬರೋ ಸೋಮವಾರ ಮಗಳಿಗೆ ಫಿಲ್ಲಿಂಗ್ ಇದೆ, ಫೋನ್ ಮಾಡ್ದಾಗ ಮೊದಲು ಕೇಳಿದ್ದೇ ನೀರಿನ ವಿಷ್ಯ.