ಕಾರ್ಡುರಾಯ್ ಪ್ಯಾಂಟಾ, ಜೀನ್ಸಾ?

ಉಬ್ಬು ಗೆರೆಯ ಕಾರ್ಡುರಾಯ್ ಬಟ್ಟೆಯ ಪ್ಯಾಂಟು ಕೊಳ್ಳಲೋ, ಜೀನ್ಸ್ ಕೊಳ್ಳಲೋ ಎಂದು ಬಳ್ಳಾರಿಯಲ್ಲಿ ಕೇಳಿದ್ದೀರಿ, ಯಾವುದು ಸುಲಭವಾಗಿ ಸಿಗುತ್ತದೆ ಎಂಬ ಮಾತು ಬೇಗ ಮುಗಿಯುತ್ತದೆ. ಜೀನ್ಸ್ ಇಲ್ಲೇ ಹೊಲಿಯುತ್ತಾರೆ, ಆಯ್ಕೆ ಜಾಸ್ತಿ. ಕಾರ್ಡುರಾಯ್ ಹುಡುಕಬೇಕು.

ಬಾಳಿಕೆ ಮಾತ್ರ ಸರಿಯಾಗಿ ನೋಡಿ. ಕಾರ್ಡುರಾಯ್‌ನ ಉಬ್ಬು ಗೆರೆಗಳು ಬರೀ ಅಚ್ಚಲ್ಲ. ಹೆಚ್ಚುವರಿ ಹೊಕ್ಕು ನೂಲು (ಅಡ್ಡ ನೂಲು) ಹಾಕಿ ನೇಯ್ದು, ಆಮೇಲೆ ಅದನ್ನು ಕತ್ತರಿಸಿ ಬ್ರಶ್ ಮಾಡಿದಾಗ ಮಖಮಲ್ಲಿನಂಥ ಜುಂಗು ಏಳುತ್ತದೆ. ಮೊಣಕಾಲು, ಕೂರುವ ಜಾಗದಲ್ಲಿ ಇದೇ ಮೊದಲು ಸವೆಯುವುದು. ಗೆರೆ ಸಂದಿಯಲ್ಲಿ ನಮ್ಮೂರ ಕೆಂಪು ಧೂಳೂ ಕೂರುತ್ತದೆ. ಜೀನ್ಸ್ ಓರೆ ನೇಯ್ಗೆಯದು. ಬಣ್ಣ ಮಾಸಿದರೂ ಗಟ್ಟಿ. ಬೈಕಿನಲ್ಲಿ ತಿರುಗುವವರಿಗೆ, ಒಂದೇ ಪ್ಯಾಂಟು ದಿನವೂ ಹಾಕುವವರಿಗೆ ಅದೇ ಸರಿ.

ಆಫೀಸಿಗೆ, ಡಿಸೆಂಬರ್ ಬೆಳಗಿನ ಚಳಿಗೆ ಕಾರ್ಡುರಾಯ್ ನನಗಂತೂ ತುಂಬಾ ಇಷ್ಟ. ಇಂಚಿಗೆ 8ರ ಆಸುಪಾಸು ಗೆರೆಯಿದ್ದರೆ ದಪ್ಪ, ಜಾಕೆಟ್ಟಿಗೂ ಚೆಂದ. 16 ದಾಟಿದರೆ ತೆಳು, ಶರ್ಟಿಗೂ ಆಗುತ್ತದೆ. ಹೊಲಿಸುವುದಾದರೆ ಎಲ್ಲ ತುಂಡನ್ನೂ ಜುಂಗಿನ ಒಂದೇ ದಿಕ್ಕಿಗೆ ಕತ್ತರಿಸಲು ಟೈಲರ್‌ಗೆ ಹೇಳಿ. ಇಲ್ಲದಿದ್ದರೆ ಎರಡು ಕಾಲು ಎರಡು ಬಣ್ಣ ಕಾಣುತ್ತವೆ! ಒಳಮೈ ಹೊರಗೆ ಮಾಡಿ ಒಗೆಯಿರಿ, ಇಸ್ತ್ರಿಯನ್ನೂ ಒಳಗಿನಿಂದಲೇ ಹಾಕಿ.

ಏಪ್ರಿಲ್, ಮೇ ಬಿಸಿಲಿಗೆ ಎರಡೂ ಬೇಡ. ಆಗ ತೆಳು ಕಾಟನ್ ಪ್ಯಾಂಟೇ ಹಿತ, ಅಲ್ವಾ?