ಜಿಡ್ಡು ಮುಖಕ್ಕೂ ಮಾಯಿಶ್ಚರೈಸರ್ ಬೇಕಾ? ಒಂದು ಡಬ್ಬಿ ಜೆಲ್ ಖಾಲಿ ಮಾಡಿದ ಮೇಲೆ

ನನ್ನ ಮುಖದ ಜಿಡ್ಡು ಅಳೆಯುವ ಮೀಟರ್ ಅಂದರೆ ನನ್ನ ಕನ್ನಡಕ. ಬೆಳಗ್ಗೆ ಎಂಟಕ್ಕೆ ಮುಖ ತೊಳೆದು ಹಾಕಿಕೊಂಡರೆ ಹತ್ತೂವರೆ ಹೊತ್ತಿಗೆ ಮೂಗಿನ ತುದಿಗೆ ಬಂದು ನಿಂತಿರುತ್ತದೆ. ಬೆರಳಿನಿಂದ ಮೇಲೆ ತಳ್ಳುತ್ತೇನೆ. ಸ್ವಲ್ಪ ಹೊತ್ತಿಗೆ ಮತ್ತೆ ಜಾರುತ್ತದೆ. ಫೋನಿನಲ್ಲಿ ಮಾತಾಡಿ ಕೆಳಗಿಟ್ಟರೆ ಪರದೆ ಮೇಲೆ ನನ್ನ ಕೆನ್ನೆಯ ಅಚ್ಚು. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡರಂತೆ ಅನ್ನುವ ಗಾದೆ ಇದೆಯಲ್ಲ, ನನಗೆ ಎಣ್ಣೆ ಬರದ ಹೊತ್ತೇ ಇಲ್ಲ. ಇನ್ನು ಕಣ್ಣು ತೆರೆಯುವುದು ಯಾವಾಗ?

ಇಂಥ ಮುಖಕ್ಕೆ ಮಾಯಿಶ್ಚರೈಸರ್ ಹಚ್ಚು ಅಂತ ಅಕ್ಕ ಹೇಳಿದಾಗ ನಕ್ಕುಬಿಟ್ಟಿದ್ದೆ. ಮಳೆಯಲ್ಲಿ ನೆನೆದು ಬಂದವನ ತಲೆ ಮೇಲೆ ಇನ್ನೊಂದು ಕೊಡ ನೀರು ಸುರಿದ ಹಾಗೆ ಆಗುತ್ತದೆ, ಅಲ್ವಾ? ಹದಿನೈದು ವರ್ಷ ನಾನು ಮಾಡಿದ್ದು ಅದರ ಉಲ್ಟಾ. ದಿನಕ್ಕೆ ನಾಲ್ಕು ಸಲ ಸೋಪು. ತೊಳೆದ ಮೇಲೆ ಚರ್ಮ ಬಿಗಿದುಕೊಂಡು, ಬೆರಳಾಡಿಸಿದರೆ ಗಾಜಿನ ಹಾಗೆ ಕಿರ್ ಅಂದರೆ ಮಾತ್ರ ನನಗೆ ಸಮಾಧಾನ. ಆಮೇಲೆ ಹೊಳ್ಳೆಗಳ ಪಕ್ಕ ಸಿಪ್ಪೆ ಏಳಲು ಶುರುವಾಯಿತು. ಗಡ್ಡ ತೆಗೆದರೆ ಉರಿ. ಹಣೆ ಮಾತ್ರ ಎಂದಿನ ಹಾಗೆ ಫಳಫಳ. ಒಂದೇ ಮುಖದಲ್ಲಿ ಜಿಡ್ಡೂ ಇದೆ, ಸಿಪ್ಪೆಯೂ ಇದೆ. ಆಗ ಅಕ್ಕನ ಮಾತು ಕೇಳಿದೆ.

ತರಿಸಿದ್ದು ಐವತ್ತು ಗ್ರಾಮಿನ ಒಂದು ಜೆಲ್ ಮಾಯಿಶ್ಚರೈಸರ್. ಬ್ರ್ಯಾಂಡ್ ಹೆಸರು ಬೇಕಂತಲೇ ಬರೆಯುತ್ತಿಲ್ಲ. ಒಂದೇ ಹೆಸರಿನ ಡಬ್ಬಿಯೊಳಗೆ ಒಂದೊಂದು ದೇಶದಲ್ಲಿ ಒಂದೊಂದು ಪಾಕ ಇರುವುದು ಈ ವ್ಯಾಪಾರದಲ್ಲಿ ಮಾಮೂಲು. ಹೆಸರಿಗಿಂತ ಡಬ್ಬಿಯ ಹಿಂದಿರುವ ಪಟ್ಟಿ ನೋಡಿ ಕೊಳ್ಳುವುದು ವಾಸಿ. ನನ್ನ ಡಬ್ಬಿಯಲ್ಲಿ ಇದ್ದದ್ದರಲ್ಲಿ ಮುಖ್ಯವಾದವು ಹೀಗೆ: ಮೊದಲು ನೀರು, ಆಮೇಲೆ ಗ್ಲಿಸರಿನ್, ಆಮೇಲೆ ಡೈಮೆಥಿಕೋನ್, ನಂತರ ನಿಯಾಸಿನಮೈಡ್ (ಬಿ3 ವಿಟಮಿನ್ನಿನ ಒಂದು ರೂಪ), ಕೊನೆಯ ಕಡೆ ಹಯಲುರಾನಿಕ್ ಆಸಿಡ್ (ನೀರು ಹಿಡಿದಿಡುವ ಇನ್ನೊಂದು ವಸ್ತು), ಕಟ್ಟಕಡೆಗೆ ಸುವಾಸನೆ.

ಮೊದಲ ಎರಡು ವಾರ ಇದನ್ನು ಕಸದ ಬುಟ್ಟಿಗೆ ಎಸೆಯುವುದೊಂದು ಬಾಕಿ. ತಪ್ಪು ಜೆಲ್‌ದಲ್ಲ, ನನ್ನದು. ಮುಖ ತೊಳೆದು, ಟವೆಲ್ಲಿನಿಂದ ಗಸಗಸ ಉಜ್ಜಿ, ಫ್ಯಾನ್ ಕೆಳಗೆ ಕೂತು, ಪೂರ್ತಿ ಒಣಗಿದ ಮೇಲೆ ಎರಡು ಬೆರಳ ತುಂಬ ತೆಗೆದು ಬಳಿಯುತ್ತಿದ್ದೆ. ಜಾಸ್ತಿ ಹಚ್ಚಿದರೆ ಜಾಸ್ತಿ ಕೆಲಸ ಅನ್ನುವ ಲೆಕ್ಕ. ಮುಖವೆಲ್ಲ ಅಂಟಂಟು. ರಾತ್ರಿ ದಿಂಬಿಗೆ ಕೆನ್ನೆ ಮೆತ್ತಿಕೊಳ್ಳುತ್ತಿತ್ತು.

ಅಕ್ಕ ಒಂದು ದಿನ ಪಕ್ಕದಲ್ಲೇ ನಿಂತು ನೋಡಿದಳು. "ಏನೋ ಇದು, ಗೋಡೆಗೆ ಸುಣ್ಣ ಹೊಡೆಯೋ ಹಾಗೆ?" ಅಂದಳು. ಮತ್ತೆ ಮುಖ ತೊಳೆಸಿದಳು. ಟವೆಲ್ಲನ್ನು ಒತ್ತಿ ಒತ್ತಿ ತೆಗೆಯಲು ಹೇಳಿದಳು, ಉಜ್ಜುವ ಹಾಗಿಲ್ಲ. ಮುಖ ಇನ್ನೂ ಒದ್ದೆ ಒದ್ದೆ ಇರುವಾಗಲೇ ಕಿರುಬೆರಳ ಉಗುರಿನಷ್ಟು ಜೆಲ್ ತೆಗೆದು ಅಂಗೈಯಲ್ಲಿ ಹರಡಿದಳು. ಮೊದಲು ಕೆನ್ನೆ, ಆಮೇಲೆ ಗದ್ದ, ಹೊಳ್ಳೆಯ ಪಕ್ಕ. ಕೈಯಲ್ಲಿ ಉಳಿದದ್ದನ್ನು ಹಣೆಗೆ, ಮೂಗಿಗೆ ಸುಮ್ನೆ ಸವರು ಅಂದಳು. ನಾನು ಹಣೆಯಿಂದ ಶುರು ಮಾಡುತ್ತಿದ್ದೆ! ಎಲ್ಲಕ್ಕಿಂತ ಜಾಸ್ತಿ ಎಣ್ಣೆ ಇರುವ ಜಾಗಕ್ಕೇ ಎಲ್ಲಕ್ಕಿಂತ ಜಾಸ್ತಿ ಜೆಲ್.

ಮೂರು ನಿಮಿಷ ಬಿಟ್ಟು ಕೆನ್ನೆ ಮುಟ್ಟಿ ನೋಡಿದೆ. ಅಂಟು ಇಲ್ಲ. ಕಿರ್ ಅನ್ನುವ ಬಿಗಿತವೂ ಇಲ್ಲ. ಕೆನ್ನೆ ಅಂದರೆ ಹೀಗೂ ಇರಬಹುದಾ ಅನ್ನಿಸಿತು.

ಇದು ಯಾಕೆ ಹೀಗೆ ಅಂದರೆ, ಎಣ್ಣೆ ಬೇರೆ, ನೀರು ಬೇರೆ. ಎಣ್ಣೆ ಬರುವುದು ಚರ್ಮದೊಳಗಿನ ಸಣ್ಣ ಗ್ರಂಥಿಗಳಿಂದ. ಹಣೆಯಂಥ ಜಾಗದಲ್ಲಿ ಒಂದು ಚದರ ಸೆಂಟಿಮೀಟರಿಗೆ 400ರಿಂದ 900 ಗ್ರಂಥಿ ಇರುತ್ತವೆ. ನೀರಿನ ಕಥೆಯೇ ಬೇರೆ. ಚರ್ಮದ ತೀರಾ ಮೇಲಿನ ತೆಳು ಪದರದಲ್ಲಿ ಅದು ಇರಬೇಕು, ಅಲ್ಲಿಂದ ಯಾವಾಗಲೂ ಆವಿಯಾಗುತ್ತಲೂ ಇರುತ್ತದೆ. ಆ ಪದರ ಪೆಟ್ಟು ತಿಂದರೆ ನೀರು ಇನ್ನೂ ಬೇಗ ಹೋಗುತ್ತದೆ. ಮೇಲೆ ಎಷ್ಟೇ ಜಿಡ್ಡು ಇರಲಿ, ಸಿಪ್ಪೆ ಏಳುತ್ತದೆ. ಪೆಟ್ಟು ಕೊಟ್ಟದ್ದು ನನ್ನ ಸೋಪೇ. ಮುಖದ ಪಿಎಚ್, ಅಂದರೆ ಹುಳಿ-ಕ್ಷಾರದ ಅಳತೆ, ಸಾಮಾನ್ಯವಾಗಿ 5ರ ಆಸುಪಾಸು ಇರುತ್ತದೆ, ಮಾಮೂಲಿ ಸೋಪಿನದು 9ರಿಂದ 10. ದಿನಕ್ಕೆ ನಾಲ್ಕು ಸಲ ಅದರಲ್ಲಿ ತಿಕ್ಕಿದರೆ ಇನ್ನೇನಾಗುತ್ತದೆ? ಈಗ ನೊರೆ ಕಡಿಮೆ ಬರುವ ಫೇಸ್‌ವಾಷ್, ಬೆಳಗ್ಗೆ ಒಂದು ಸಲ, ರಾತ್ರಿ ಒಂದು ಸಲ. ನಿಜ ಹೇಳಬೇಕೆಂದರೆ ಅರ್ಧ ಗುಣ ಆ ಬದಲಾವಣೆಯಿಂದಲೇ ಬಂದಿರಬೇಕು. ಎಲ್ಲ ಹೊಗಳಿಕೆ ಜೆಲ್ಲಿಗೇ ಕೊಟ್ಟರೆ ಅನ್ಯಾಯ.

ಜೆಲ್ ಮಾಡುವ ಕೆಲಸ ಇಷ್ಟು: ಗ್ಲಿಸರಿನ್ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಅದಕ್ಕೇ ಒದ್ದೆ ಮುಖಕ್ಕೆ ಹಚ್ಚುವುದು. ಡೈಮೆಥಿಕೋನ್ ಒಂದು ಬಗೆಯ ಸಿಲಿಕೋನ್, ತೆಳುವಾದ ಹೊದಿಕೆಯ ಹಾಗೆ ಮೇಲೆ ಕೂತು ನೀರು ಬೇಗ ಆವಿಯಾಗದ ಹಾಗೆ ನೋಡಿಕೊಳ್ಳುತ್ತದೆ. ಜಿಡ್ಡಿನ ಭಾರ ಇರುವುದಿಲ್ಲ. ನೀರು ತಡೆಯುವುದರಲ್ಲಿ ಪೆಟ್ರೋಲಿಯಂ ಜೆಲ್ಲಿಯನ್ನು ಮೀರಿಸಿದ್ದಿಲ್ಲ, ಆದರೆ ನನ್ನಂಥವನ ಹಣೆಗೆ ಅದನ್ನು ಹಚ್ಚಿದರೆ ಮುಖ ನೋಡಿಕೊಂಡು ಬೇರೆಯವರು ತಲೆ ಬಾಚಿಕೊಳ್ಳಬಹುದು.

ಡಬ್ಬಿ ಮೇಲೆ ಎಲ್ಲಕ್ಕಿಂತ ದಪ್ಪ ಅಕ್ಷರದಲ್ಲಿ ಇರುವುದು ಹಯಲುರಾನಿಕ್ ಆಸಿಡ್. ಹಿಂದೆ ನೋಡಿದರೆ ಅದು ಫೀನಾಕ್ಸಿಎಥೆನಾಲ್ ಆದ ಮೇಲೆ ಬರುತ್ತದೆ. ಫೀನಾಕ್ಸಿಎಥೆನಾಲ್ ಕೆಡದಂತೆ ಹಾಕುವ ವಸ್ತು, ಸಾಮಾನ್ಯವಾಗಿ 1 ಶೇಕಡಾ ಮೀರಿ ಹಾಕುವುದಿಲ್ಲ. ಪಟ್ಟಿಯಲ್ಲಿ ಸಾಮಾನ್ಯವಾಗಿ ಜಾಸ್ತಿ ಇರುವುದು ಮೊದಲು ಬರುತ್ತದೆ, ಹಾಗಾಗಿ ಅದರ ನಂತರ ಬಂದ ಹಯಲುರಾನಿಕ್ ಆಸಿಡ್ ಕೂಡ ಅಷ್ಟರೊಳಗೇ. ಇದು ಮೋಸ ಅಂತ ಹೇಳುತ್ತಿಲ್ಲ, ಹಯಲುರಾನಿಕ್ ಆಸಿಡ್ ಸ್ವಲ್ಪ ಇದ್ದರೂ ಕೆಲಸ ಮಾಡುತ್ತದೆ. ಆದರೆ ದುಡಿಯುವವನು ಗ್ಲಿಸರಿನ್, ಫೋಟೋಗೆ ನಿಂತವನು ಇನ್ನೊಬ್ಬ.

ಇದಕ್ಕೂ ಮುಂಚೆ ಇನ್ನೊಂದು ಜೆಲ್ ತರಿಸಿದ್ದೆ. ಹಚ್ಚಿದ ಕೂಡಲೇ ತಣ್ಣಗೆ, ಆಹಾ ಅನ್ನಿಸಿತು. ಹತ್ತು ನಿಮಿಷಕ್ಕೆ ಮುಖ ಮತ್ತೆ ಬಿಗಿ. ಪಟ್ಟಿ ನೋಡಿದರೆ ಎರಡನೇ ಹೆಸರೇ ಆಲ್ಕೋಹಾಲ್ ಡಿನ್ಯಾಟ್. ಆ ತಂಪು ಆಲ್ಕೋಹಾಲ್ ಹಾರುವಾಗಿನ ತಂಪು. ಸೀಟೈಲ್ ಆಲ್ಕೋಹಾಲ್ ಅಂತ ಕಂಡರೆ ಮಾತ್ರ ಹೆದರಬೇಡಿ, ಅದು ಮೇಣದಂಥ ಮೃದು ವಸ್ತು, ಹೆಸರಷ್ಟೇ ಒಂದು.

ಡಬ್ಬಿ ಮೇಲೆ 'ನಾನ್ ಕಾಮಿಡೋಜೆನಿಕ್' ಅಂತಲೂ ಇದೆ, ರಂಧ್ರ ಮುಚ್ಚುವುದಿಲ್ಲ ಅನ್ನುವ ಅರ್ಥದಲ್ಲಿ. 1972ರಲ್ಲಿ ಆಲ್ಬರ್ಟ್ ಕ್ಲಿಗ್ಮನ್ ಮತ್ತು ಮಿಲ್ಸ್ ಅನ್ನುವ ಚರ್ಮವೈದ್ಯರು ಮೇಕಪ್ಪಿನಿಂದ ಬರುವ ಮೊಡವೆಯ ಬಗ್ಗೆ ಬರೆದರು. ಯಾವ ವಸ್ತು ರಂಧ್ರ ಮುಚ್ಚುತ್ತದೆ ಅಂತ ನೋಡುವ ಆ ಕಾಲದ ಪರೀಕ್ಷೆಗಳು ನಡೆದದ್ದು ಮೊಲದ ಕಿವಿಯ ಮೇಲೆ. ಮೊಲದ ಕಿವಿ ನಮ್ಮ ಮುಖಕ್ಕಿಂತ ಬೇಗ ಮುನಿಸಿಕೊಳ್ಳುತ್ತದೆ. ಕಂಪನಿಗಳೆಲ್ಲ ಒಪ್ಪಿಕೊಂಡ ಒಂದೇ ಅಳತೆ ಈಗಲೂ ಇಲ್ಲ. ನಾನು ಮಾಡಿದ್ದು ಇಷ್ಟೇ: ಮುಖಕ್ಕೆಲ್ಲ ಹಚ್ಚಲು ಶುರು ಮಾಡುವ ಮುಂಚೆ ಒಂದು ವಾರ ಎಡ ದವಡೆಯ ಪಕ್ಕ ಮಾತ್ರ ಹಚ್ಚಿ ನೋಡಿದೆ, ಮೊಡವೆ ಏಳಲಿಲ್ಲ, ಆಮೇಲೆ ಮುಂದುವರಿದೆ.

ಇನ್ನು ದೂರುಗಳು. ಬಾಯಗಲ ಡಬ್ಬಿ. ದಿನಾ ಬೆರಳು ಅದ್ದಬೇಕು, ಅಂದರೆ ಬೆರಳ ಕೊಳೆಯೂ ಒಳಗೆ. ಮೇಲೆ 12ಎಂ ಅಂತ ಗುರುತಿದೆ, ತೆರೆದ ಮೇಲೆ ಹನ್ನೆರಡು ತಿಂಗಳು ಅಂತ. ಹಾಗಂತ ಬೆರಳು ಅದ್ದುವುದನ್ನು ಒಪ್ಪಿಕೊಳ್ಳಲು ಆಗುವುದಿಲ್ಲ, ಒಂದು ಸಣ್ಣ ಪ್ಲಾಸ್ಟಿಕ್ ಚಮಚ ಇಟ್ಟುಕೊಂಡೆ. ಸುವಾಸನೆ ಯಾಕೆ ಬೇಕಿತ್ತೋ ಗೊತ್ತಿಲ್ಲ. ಗಡ್ಡ ತೆಗೆದ ದಿನ ಸಣ್ಣಗೆ ಚುರುಗುಟ್ಟುತ್ತದೆ, ನನ್ನ ಅನುಮಾನ ಅದರ ಮೇಲೇ. ಮೂರನೆಯದು ಸನ್‌ಸ್ಕ್ರೀನ್ ಜೊತೆ ಜಗಳ. ಜೆಲ್ ಹಚ್ಚಿದ ಬೆನ್ನಿಗೇ ಸನ್‌ಸ್ಕ್ರೀನ್ ತಿಕ್ಕಿದರೆ ರಬ್ಬರಿನಿಂದ ಅಳಿಸಿದಾಗ ಏಳುತ್ತದಲ್ಲ, ಹಾಗೆ ಬಿಳಿ ಉಂಡೆ ಉಂಡೆ. ಐದು ನಿಮಿಷ ಬಿಟ್ಟು, ತಿಕ್ಕದೆ ತಟ್ಟಿ ಹಚ್ಚಿದರೆ ಸರಿ ಹೋಗುತ್ತದೆ. ಸೆಕೆ ಇರುವ ದಿನ ಬೆಳಗ್ಗೆ ಜೆಲ್ ಬಿಟ್ಟು ಬರೀ ಸನ್‌ಸ್ಕ್ರೀನ್ ಹಚ್ಚುತ್ತೇನೆ, ನನ್ನ ಮುಖಕ್ಕೆ ಅಷ್ಟು ಸಾಕು. ರಾತ್ರಿ ಮಾತ್ರ ತಪ್ಪಿಸುವುದಿಲ್ಲ. ಮೊಡವೆಗೆ ಬೆಂಜಾಯಿಲ್ ಪೆರಾಕ್ಸೈಡ್, ಅಡಾಪಲೀನ್ ಹಚ್ಚುತ್ತಿರುವವರಂತೂ ತಪ್ಪಿಸಲೇಬಾರದು, ಅವು ಮುಖ ಚೆನ್ನಾಗಿ ಒಣಗಿಸುತ್ತವೆ.

'ಜಿಡ್ಡು ನಿಯಂತ್ರಣ' ಅನ್ನುವ ಮಾತನ್ನು ಜಾಸ್ತಿ ನಂಬಬೇಡಿ. ಗ್ರಂಥಿಗಳಿಗೆ ಅಪ್ಪಣೆ ಕೊಡುವುದು ಮುಖ್ಯವಾಗಿ ಒಳಗಿನ ಹಾರ್ಮೋನು. ನಿಯಾಸಿನಮೈಡ್ 2 ಶೇಕಡಾ ಇದ್ದರೆ ಕೆಲವರಲ್ಲಿ ಎಣ್ಣೆ ಸ್ವಲ್ಪ ಕಡಿಮೆಯಾದದ್ದುಂಟು. ನನ್ನ ಡಬ್ಬಿಯಲ್ಲಿ ಎಷ್ಟಿದೆ ಅಂತ ಬರೆದಿಲ್ಲ. ಮೂರು ತಿಂಗಳಾದ ಮೇಲೂ ನನ್ನ ಹಣೆ ಹತ್ತೂವರೆಗೆ ಹೊಳೆಯುತ್ತದೆ. ಸಿಪ್ಪೆ ಹೋಗಿದೆ, ಬಿಗಿತ ಹೋಗಿದೆ, ಗಡ್ಡದ ಉರಿ ಮುಕ್ಕಾಲು ಪಾಲು ಹೋಗಿದೆ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಇದೇ ಜೆಲ್ ವಾಸನೆ ಇಲ್ಲದೆ ಟ್ಯೂಬಿನಲ್ಲಿ ಬಂದರೆ ನಾಲ್ಕೂವರೆ. ಕನ್ನಡಕ ಮಾತ್ರ ಜೆಲ್ ಹಚ್ಚಿದರೂ ಜಾರುತ್ತಲೇ ಇತ್ತು. ಹೋದ ವಾರ ಮೂಗಿನ ಹತ್ತಿರದ ಪ್ಯಾಡುಗಳನ್ನು ಬದಲಿಸಿ ಸಿಲಿಕೋನಿನವು ಹಾಕಿಸಿಕೊಂಡೆ. ಈಗ ನಿಂತಿದೆ.