ಓಡೋ ಕಾರಿನ ಫೋಟೋಗೆ ರಿಗ್ಗಾ, ಗಿಂಬಲ್ಲಾ? ಒಂದೇ ಕಾರಲ್ಲಿ ಎರಡೂ ನೋಡ್ದೆ

ಕಾರ್ ಶೂಟ್ ಮಾಡೋಕೆ ಶುರು ಮಾಡಿರೋ ಹುಡುಗ್ರು ನನ್ನ ಹತ್ರ ಜಾಸ್ತಿ ಕೇಳೋದು ಇದನ್ನೇ, ಮೊದಲು ಗಿಂಬಲ್ (ಕೈಯಲ್ಲಿ ಹಿಡಿಯೋ, ಮೋಟರಿಂದ ಕ್ಯಾಮೆರಾ ಸ್ಥಿರವಾಗಿಡೋ ಸ್ಟ್ಯಾಂಡ್) ತಗೊಳ್ಳೋದಾ ಇಲ್ಲ ಸಕ್ಷನ್ ಕಪ್ ರಿಗ್ (ಗಾಳಿ ತೆಗೆದು ಅಂಟೋ ರಬ್ಬರ್ ಕಪ್‌ಗಳಿಂದ ಕಾರಿಗೇ ಕೂರಿಸೋ ಪೈಪು, ಅದರ ತುದಿಯಲ್ಲಿ ಕ್ಯಾಮೆರಾ) ಮಾಡಿಸ್ಕೊಳ್ಳೋದಾ ಅಂತ. ಬಾಯಲ್ಲಿ ಹೇಳೋದಕ್ಕಿಂತ ಮಾಡೇ ನೋಡೋಣ ಅಂತ ಫ್ರೆಂಡ್‌ದು ಕಪ್ಪು ಫೋಕ್ಸ್‌ವ್ಯಾಗನ್ ವರ್ಟಸ್ ಕಾರು ತಗೊಂಡು ದೇವನಹಳ್ಳಿ ಕಡೆ ರಸ್ತೆ ಹಾಕಿ ಇನ್ನೂ ಮನೆ ಏಳದೇ ಇರೋ ಒಂದು ಲೇಔಟ್‌ಗೆ, ಪರ್ಮಿಷನ್ ಕೇಳ್ಕೊಂಡು, ಬೆಳಗಿನ ಜಾವ ಹೋದ್ವಿ.

ಗಿಂಬಲ್ ನಂದು ಡಿಜೆಐ ಆರ್‌ಎಸ್ 3. ಅದು 3 ಕೆಜಿ ತನಕ ಹೊರತ್ತೆ, ನನ್ನ ಸೋನಿ ಕ್ಯಾಮೆರಾ ಮತ್ತೆ 24-70 ಲೆನ್ಸ್ ಸೇರಿದ್ರೂ ಒಂದೂವರೆ ಕೆಜಿ ದಾಟಲ್ಲ, ಹಾಗಾಗಿ ತೂಕದ ಚಿಂತೆ ಇಲ್ಲ. ಇನ್ನೊಂದು ಕಾರಿನ ಹಿಂದಿನ ಸೀಟಲ್ಲಿ ಬೆಲ್ಟ್ ಹಾಕ್ಕೊಂಡು ಕಿಟಕಿ ಪೂರ್ತಿ ಇಳಿಸಿ ಕೂತೆ, ಎರಡೂ ಕಾರು 40ರಲ್ಲಿ. ಡಿಕ್ಕಿ ತೆಗೆದು ಕಾಲು ಇಳಿಬಿಟ್ಟು ಕೂರೋರನ್ನ ನೋಡಿದೀನಿ, ದಯವಿಟ್ಟು ಬೇಡ ಕಣ್ರೋ. ಹತ್ತು ನಿಮಿಷಕ್ಕೆ ಸುಮಾರು 200 ಫ್ರೇಮ್ ಬಂತು, ವಿಡಿಯೋನೂ ಆಯ್ತು. ಆದ್ರೆ ಗಿಂಬಲ್ ಕ್ಯಾಮೆರಾ ತಿರುಗೋದನ್ನ ತಡೆಯತ್ತೆ ಅಷ್ಟೇ, ಹಂಪ್ ಬಂದಾಗ ಕಾರಿನ ಜೊತೆ ಇಡೀ ಕ್ಯಾಮೆರಾ ಮೇಲೆ ಕೆಳಗೆ ಹೋಗೋದನ್ನ ತಡೆಯಲ್ಲ, ಅದಕ್ಕೆ ನಿಮ್ಮ ಮೊಣಕೈಯೇ ಸ್ಪ್ರಿಂಗ್ ಆಗ್ಬೇಕು. ಕಿಟಕಿಯಿಂದ ಆಚೆ ಚಾಚಿದ್ರೆ ಗಾಳಿಗೆ ಮೋಟರ್ ಒದ್ದಾಡತ್ತೆ.

ಅಸಲಿ ವ್ಯತ್ಯಾಸ ಇರೋದು ಚಕ್ರದಲ್ಲಿ, ಅದು ತಿರುಗಿ ಮಸುಕಾಗಿದ್ರೇನೇ ಫೋಟೋದಲ್ಲಿ ಕಾರು ಓಡ್ತಿದೆ ಅನ್ಸೋದು. ಈ ಕಾರಿನ ಟೈರ್ 205/55 ಆರ್16, ಒಂದು ಸುತ್ತಿಗೆ ಹತ್ತತ್ರ 2 ಮೀಟರ್. 40 ಸ್ಪೀಡಲ್ಲಿ 1/60 ಷಟರ್, ಅಂದ್ರೆ ಸೆಕೆಂಡಿನ ಅರವತ್ತನೇ ಒಂದು ಭಾಗ ಷಟರ್ ತೆರೆದಿದ್ರೆ, ಅಷ್ಟರಲ್ಲಿ ಚಕ್ರ 33 ಡಿಗ್ರಿ ತಿರುಗಿರತ್ತೆ, ಅಲಾಯ್ ಕಡ್ಡಿಗಳು ಒಂಚೂರು ಮಸುಕಾಗತ್ತೆ ಅಷ್ಟೇ. ಇನ್ನೂ ಬೇಕು ಅಂತ 1/15ಕ್ಕೆ ಇಳಿಸಿದೆ, 40 ಫ್ರೇಮಲ್ಲಿ ಕಾರು ಶಾರ್ಪ್ ಆಗಿ ಸಿಕ್ಕಿದ್ದು 5.

ಈಗ ರಿಗ್. ಪೀಣ್ಯದಲ್ಲಿ ಮಾಡಿಸಿದ 4 ಮೀಟರ್ ಅಲ್ಯೂಮಿನಿಯಂ ಪೈಪು, 6 ಇಂಚಿನ ಪಂಪ್ ಕಪ್ ಮೂರು, ತುದಿಯಲ್ಲಿ ಕ್ಯಾಮೆರಾ. ಬಾನೆಟ್ ನಡುಮಧ್ಯೆ ಕಪ್ ಕೂರಿಸ್ಬೇಡಿ, ಅಲ್ಲಿ ತಗಡು ಬಾಗತ್ತೆ, ಅಂಚಿನ ಹತ್ರ ಗಟ್ಟಿ ಇರತ್ತೆ. ರ‍್ಯಾಪ್ (ಪೇಂಟ್ ಮೇಲೆ ಅಂಟಿಸೋ ಫಿಲ್ಮ್) ಹಾಕಿರೋ ಕಾರಾದ್ರೆ ಫಿಲ್ಮೇ ಎದ್ದು ಬರೋ ಚಾನ್ಸ್ ಇದೆ, ಓನರ್‌ಗೆ ಮೊದಲೇ ಹೇಳಿ. ಇಂಜಿನ್ ಆಫ್ ಮಾಡ್ಬೇಕು, ಇಲ್ಲಾಂದ್ರೆ ಆ ನಡುಕ ಪೈಪಲ್ಲಿ ಹತ್ತಿ ತುದಿಗೆ ಬರೋವಾಗ ಜಾಸ್ತಿ ಆಗಿರತ್ತೆ. ಇಗ್ನಿಷನ್ ಆನ್, ಗೇರ್ ನ್ಯೂಟ್ರಲ್, ಸ್ಟೀರಿಂಗ್ ಹಿಡ್ಕೊಳ್ಳೋಕೆ ಒಬ್ರು ಒಳಗೆ, ಹಿಂದಿಂದ ಇಬ್ರು ನಡ್ಕೊಂಡೇ ತಳ್ಳಿದ್ರು. ಲೆನ್ಸಿಗೆ ಬೆಳಕು ಕಮ್ಮಿ ಮಾಡೋ ಎನ್‌ಡಿ 64 ಫಿಲ್ಟರ್, ಮೇಲೆ ಪ್ರತಿಫಲನ ಕಮ್ಮಿ ಮಾಡೋ ಸಿಪಿಎಲ್ ಫಿಲ್ಟರ್, ಅಪರ್ಚರ್ ಎಫ್ 8, ಷಟರ್ 2 ಸೆಕೆಂಡ್, ಸ್ಟೆಬಿಲೈಸೇಷನ್ ಆಫ್, ಕ್ಲಿಕ್ ಫೋನಿಂದ. ಸೆಕೆಂಡಿಗೆ 1 ಮೀಟರ್ ಹೋದ್ರೂ 2 ಸೆಕೆಂಡಲ್ಲಿ ಚಕ್ರ ಪೂರ್ತಿ ಒಂದು ಸುತ್ತು! ಕಡ್ಡಿಗಳು ಕರಗಿ ಬೆಳ್ಳಿ ತಟ್ಟೆ ಥರ, ರಸ್ತೆ ರೇಷ್ಮೆ ಎಳೆದಂಗೆ, ನಡುವೆ ಕಾರು ಅಲ್ಲಾಡದೇ ನಿಂತಿದೆ. ಆ ಫ್ರೇಮ್ ಸ್ಕ್ರೀನ್ ಮೇಲೆ ಬಂದಾಗ ತಳ್ಳಿದವರೂ ಓಡಿ ಬಂದು ನೋಡಿದ್ರು.

ಕಷ್ಟಾನೂ ಕೇಳಿ. ಮೂರನೇ ಸಲ ತಳ್ಳೋ ಹೊತ್ತಿಗೆ ಒಂದು ಸಕ್ಷನ್ ಕಪ್‌ನ ಪಂಪ್ ಮೆಲ್ಲಗೆ ಹೊರಗೆ ಬರ್ತಾ ಕೆಂಪು ಗೆರೆ ಕೂದಲೆಳೆಯಷ್ಟು ಕಾಣಿಸ್ತು, ಅಂದ್ರೆ ಗಾಳಿ ಒಳಗೆ ಹೋಗ್ತಿದೆ ಅಂತ. ತಕ್ಷಣ ನಿಲ್ಲಿಸಿ ಬಿಚ್ಚಿ ನೋಡಿದ್ರೆ ರಬ್ಬರ್ ಅಂಚಲ್ಲಿ ಸಣ್ಣ ಧೂಳಿನ ಗೆರೆ, ಒದ್ದೆ ಬಟ್ಟೇಲಿ ಒರೆಸಿ ಮತ್ತೆ ಹಾಕಿದ್ವಿ. ಸೇಫ್ಟಿ ಸ್ಟ್ರ್ಯಾಪ್ ಇಲ್ದೆ ನಾನು ಕ್ಯಾಮೆರಾ ಏರಿಸೋದೇ ಇಲ್ಲ. ಆಮೇಲೆ ಫೋಟೋಶಾಪಲ್ಲಿ ಪೈಪ್ ಅಳಿಸೋದು ಸುಲಭಾನೇ, ಆದ್ರೆ ಕಾರಿನ ಕಪ್ಪು ಬಾಗಿಲ ಮೇಲೆ ಬಿದ್ದಿರೋ ಪೈಪಿನ ನೆರಳು ಅಳಿಸೋಕೆ ನಂಗೆ 3 ಗಂಟೆ ಹಿಡೀತು. ಒಂದ್ಸಲ ಬಾಡಿಗೆಗೆ ತಂದ ಕಾರ್ಬನ್ ಫೈಬರ್ ಪೈಪು ಈ ಅಲ್ಯೂಮಿನಿಯಂ ಪೈಪಿನಷ್ಟು ಜೋಲಲ್ಲ, ದುಡ್ಡಿದ್ರೆ ಅದೇ ತಗೊಳ್ಳಿ.

ಮದುವೆ, ರೀಲ್ಸ್, ಡೀಲರ್ ಡೆಲಿವರಿ ವಿಡಿಯೋ, ಇವೇ ನಿಮ್ಮ ಕೆಲಸ ಆದ್ರೆ ಗಿಂಬಲ್ ಕಣ್ಮುಚ್ಚಿ ತಗೊಳ್ಳಿ, ವಿಡಿಯೋಗೆ ರಿಗ್ ಹತ್ರ ಉತ್ತರಾನೇ ಇಲ್ಲ. ಆದ್ರೆ ಗೋಡೆಗೆ ಹಾಕೋ ಒಂದೇ ಒಂದು ಫೋಟೋ ಬೇಕು ಅಂದ್ರೆ ನಾನು ಪ್ರತಿ ಸಲ ರಿಗ್ಗೇ ಹಾಕೋದು. ಕಟ್ಟೋಕೆ ನಮಗೆ 50 ನಿಮಿಷ ಬೇಕು, ಸೂರ್ಯ ಬಂದ್ಮೇಲೆ ಶುರು ಮಾಡಿದ್ರೆ ಒಳ್ಳೆ ಬೆಳಕು ಮುಗಿದೇ ಹೋಗಿರತ್ತೆ, ಅದಕ್ಕೆ ಕತ್ತಲಲ್ಲೇ ಹೋಗಿ ತಲೆಗೆ ಟಾರ್ಚ್ ಕಟ್ಕೊಂಡು ಕಪ್ ಕೂರಿಸ್ತೀವಿ.